ಸೂಜಿ ಚುಚ್ಚಿದ್ರೆ ಡಿಸ್ಕ್ ಸರಿಹೋಗುತ್ತಾ?

ಪ್ರಶ್ನೆ: ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟು ಎತ್ತಿ ಎತ್ತಿ ಸೊಂಟ ಹಿಡಿದಿದೆ. ಅಕ್ಯುಪಂಕ್ಚರ್ ಮಾಡಿಸಿದರೆ ಜಾರಿದ ಡಿಸ್ಕೇ ಕೂರುತ್ತಂತೆ, ನಿಜವಾ ಡಾಕ್ಟ್ರೇ?

ಉತ್ತರ: ಡಿಸ್ಕ್ ಕೂರುತ್ತೆ ಅನ್ನೋದು ಸುಳ್ಳು. ನೋವು ಒಂದಿಷ್ಟು ತಗ್ಗಬಹುದು, ಅಷ್ಟೇ. ಜರ್ಮನಿಯಲ್ಲಿ 1,162 ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಶಾಸ್ತ್ರದ ಪ್ರಕಾರ ಚುಚ್ಚಿದರು, ಕೆಲವರಿಗೆ ಸುಮ್ನೆ ಬೇರೆಲ್ಲೋ ಮೇಲೆಮೇಲೆ, ಉಳಿದವರಿಗೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳಿಗೆ ಗುಣ ಕಂಡವರು ಕ್ರಮವಾಗಿ ಶೇ. 47.6, 44.2, 27.4. ಅಂದ್ರೆ ಎಲ್ಲಿ ಚುಚ್ಚಿದರೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ಅಕ್ಯುಪಂಕ್ಚರ್‌ನವರು ಹೇಳುವ ‘ಚಿ’ ಅನ್ನೋ ಜೀವಶಕ್ತಿ ಹರಿಯುವ ದಾರಿಗಳು ದೇಹದಲ್ಲಿ ಸಿಕ್ಕಿಲ್ಲ; ನಂಬಿಕೆ, ಆರೈಕೆಯ ಪಾಲೇ ಜಾಸ್ತಿ ಅನ್ನಿಸುತ್ತೆ. ಮಾಡಿಸಲೇಬೇಕು ಅಂದ್ರೆ ಸೂಜಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಆದ್ರೆ ಕಾಲಿನ ಬಲ ತಗ್ಗಿದರೆ ಇಲ್ಲವೇ ಮೂತ್ರ ಕಟ್ಟಿದರೆ ಅದೇ ದಿನ ಜಿಲ್ಲಾಸ್ಪತ್ರೆಗೆ ಓಡಿ.