"ನಾನಿಲ್ದಿದ್ರೆ ನಿಮಗೆ ನೆಮ್ಮದಿ" ಅಂತಾರೆ ಅಪ್ಪ

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 61. ನನ್ನ ಮದುವೆಗೆ, ಬೋರ್‌ವೆಲ್‌ಗೆ ಅಂತ ಮಾಡಿದ ಕೈಸಾಲ ಹಾಗೇ ಉಳಿದಿದೆ. ಈಗ ಗದ್ದೆ, ಲೆಕ್ಕ ಎಲ್ಲಾ ತಮ್ಮನೇ ನೋಡಿಕೊಳ್ಳುತ್ತಾನೆ. ಅಪ್ಪನಿಗೆ ಚಿಂತೆ ಬೇಡ ಅಂತ ಸಾಲದ ಮಾತನ್ನೇ ಅವರ ಮುಂದೆ ಎತ್ತುವುದಿಲ್ಲ. ಆದರೂ ಅವರು ಡೈರಿಗೆ ಹಾಲು ಹಾಕಲು ಹೋಗುವುದನ್ನೂ ಬಿಟ್ಟಿದ್ದಾರೆ. ಮೊನ್ನೆ ಫೋನಿನಲ್ಲಿ "ನಾನೊಬ್ಬ ಇಲ್ದಿದ್ರೆ ನಿಮಗೆ ನೆಮ್ಮದಿ ಕಣವ್ವ" ಅಂದರು. ಅಮ್ಮ "ಸುಮ್ನೆ ಅಂತಾರೆ, ಬಿಡು" ಅನ್ನುತ್ತಾರೆ. ಬಿಡಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಬಿಡಬೇಡಿ. ಇದನ್ನು ಓದಿದ ದಿನವೇ ಊರಿಗೆ ಹೊರಡಿ. ಹೊರಡುವ ಮುಂಚೆ ತಮ್ಮನಿಗೆ ಫೋನ್ ಮಾಡಿ, ಗದ್ದೆಗೆ ತಂದ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಲು ಹೇಳಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಒಂದು ವಿವರಣೆ ಕೊಟ್ಟರು. 'ನನಗೆ ಯಾರೂ ಇಲ್ಲ', 'ನಾನು ಮನೆಯವರಿಗೆ ಭಾರ' ಎಂಬ ಎರಡೂ ಒಟ್ಟಿಗೆ ಸೇರಿದಾಗ ಸಾಯುವ ಯೋಚನೆ ಬಲಿಯುತ್ತದೆ ಅಂತ. ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದು ಎರಡನೆಯದನ್ನೇ. ಡೈರಿ ಬಿಟ್ಟಿದ್ದು ಮೊದಲನೆಯದರ ಕಡೆ ಬೆರಳು ತೋರಿಸುತ್ತದೆ. ಫ್ಯಾಟ್ ಎಷ್ಟು ಬಂತು, ಫ್ಯಾಕ್ಟರಿಯವರು ಕಬ್ಬಿನ ದುಡ್ಡು ಯಾವಾಗ ಹಾಕ್ತಾರೆ ಅಂತ ನಾಲ್ಕು ಜನ ಮಾತಾಡುವ ಜಾಗ ಅದು, ಅಲ್ವಾ? ಸಾಲ ಕೊಟ್ಟವರೂ ಅಲ್ಲೇ ಎದುರಾಗುತ್ತಾರೆ. ಅದಕ್ಕೇ ತಪ್ಪಿಸುತ್ತಿರಬಹುದು.

ಬೇಜಾರು ಮಾಡಿಕೊಳ್ಳಬೇಡಿ, ನೀವೆಲ್ಲ ಪ್ರೀತಿಯಿಂದ ಮುಚ್ಚಿಡುತ್ತಿರುವುದೇ ಅವರನ್ನು ಜಾಸ್ತಿ ಚುಚ್ಚುತ್ತಿರಬಹುದು. ಸಾಲ ಮಾಡಿದ್ದು ಅವರು. ತೀರಿಸುವ ಮಾತಿಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ. ಈ ಸಲ ಏನು ಹಾಕೋಣ ಅಂತ ಕೇಳುವವರೂ ಇಲ್ಲ. ನಿಮ್ಮ ತಮ್ಮ ಸಾಲದ ಚೀಟಿಗಳನ್ನೆಲ್ಲ ಹರಡಿಕೊಂಡು ಅಪ್ಪನ ಜೊತೆ ಕೂರಲಿ. ಯಾರಿಗೆ ಮೊದಲು ಕೊಡಬೇಕು, ಯಾರು ಬಡ್ಡಿ ಬಿಟ್ಟಾರು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು.

ಆದರೆ ಮೊದಲು ನೀವು ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಅಪ್ಪಾ, ಸಾಯ್ಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ "ನಮ್ಮ ಗತಿ ಏನು" ಅಂತ ಅಳಬೇಡಿ, ಬುದ್ಧಿ ಹೇಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಡಬೇಡಿ, ಅವತ್ತೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಒಂದು ಸಲ ಮನೋವೈದ್ಯರಿಗೆ ತೋರಿಸಿ. ಮಾತು ಹೇಗೆ ತೆಗೆಯುವುದು ಅಂತ ತಿಳಿಯದಿದ್ದರೆ ಬಸ್ಸಿನಲ್ಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕೇಳಬಹುದು.