ಕಾಲು ಮುರಿದ ಬೆಕ್ಕಿನ ಮರಿಯನ್ನು ವಾಸಿಯಾದ ಮೇಲೆ ಪಳಗಿಸಿದರೆ ಸಾಕೇ?

ರಿಕ್ಷಾದಡಿ ಸಿಕ್ಕ ಏಳು ವಾರದ ಮರಿ, ಹಿಂಗಾಲು ಮಂಡಿಯ ಕೆಳಗೆ ಮುರಿದಿದೆ, ಬ್ಯಾಂಡೇಜ್ ಕಟ್ಟಿದ ಡಾಕ್ಟರು ನಾಲ್ಕು ವಾರ ಪಂಜರದಿಂದ ಬಿಡಬೇಡಿ ಅಂದಿದ್ದಾರೆ, ಕೈ ಚಾಚಿದರೆ ಬುಸುಗುಡುತ್ತದೆ. ಕಾಲು ವಾಸಿಯಾಗುವವರೆಗೆ ಅದರ ಪಾಡಿಗೆ ಬಿಟ್ಟು ಆಮೇಲೆ ಪಳಗಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ, ಇವತ್ತೇ ಶುರು ಮಾಡಿ.

ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಸುಲಭವಾಗಿ ಕಲಿಯುವುದು ಹೆಚ್ಚುಕಡಿಮೆ ಎರಡನೇ ವಾರದಿಂದ ಏಳನೇ ವಾರದವರೆಗೆ. ಆಮೇಲೆ ಬಾಗಿಲು ಒಮ್ಮೆಲೇ ಮುಚ್ಚಿಹೋಗುವುದಿಲ್ಲ, ಆದರೆ ವಾರ ಕಳೆದಂತೆ ಕಷ್ಟವಾಗುತ್ತಾ ಹೋಗುತ್ತದೆ. ನಿಮ್ಮ ಮರಿ ಆ ಅಂಚಿನಲ್ಲೇ ಇದೆ. ನಾಲ್ಕು ವಾರ ಬಿಟ್ಟರೆ ಕಾಲು ಕೂಡಿರುತ್ತದೆ, ಭಯ ಗಟ್ಟಿಯಾಗಿರುತ್ತದೆ. ಅದೂ ಅಲ್ಲದೆ ಓಡಿ ಸೋಫಾದಡಿ ಸೇರುವ ಮರಿಗಿಂತ ಪಂಜರದಲ್ಲಿ ಕಣ್ಣೆದುರೇ ಇರುವ ಮರಿಯ ಜೊತೆ ಸ್ನೇಹ ಬೆಳೆಸುವುದು ಸುಲಭ.

ಮುಂಬಯಿಯ ಮುಲುಂಡ್‌ನ ನಮ್ಮ ಮನೆಗೂ ಕಾಲು ಮುರಿದ ಮರಿಯೊಂದು ಹೀಗೇ ಬಂದಿತ್ತು. ಅದನ್ನು ಸಾಕಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ನೋವು ಮಾಡುವ ಕೆಲಸವೂ ಸ್ನೇಹದ ಕೆಲಸವೂ ಬೆರೆಯಬಾರದು. ಔಷಧಿ ಕುಡಿಸುವುದು, ಬ್ಯಾಂಡೇಜ್ ನೋಡುವುದು ಮನೆಯಲ್ಲಿ ಒಬ್ಬರ ಪಾಲಿಗಿರಲಿ, ಊಟ ಕೊಟ್ಟು ಜೊತೆಗೆ ಕೂರುವುದು ಇನ್ನೊಬ್ಬರ ಪಾಲಿಗೆ. ನೀವೊಬ್ಬರೇ ಇದ್ದರೆ ಔಷಧಿಗೆಂದೇ ಒಂದು ಟವೆಲ್ ಇಡಿ. ಮರಿಯನ್ನು ಅದರಲ್ಲಿ ಸುತ್ತಿ ಪಂಜರದಿಂದ ಹೊರಗೆ ತಂದು ಔಷಧಿ ಕೊಡಿ, ಕೂಡಲೇ ಬಾಯಿಗೆ ರುಚಿಯಾದದ್ದೇನಾದರೂ ಹಾಕಿ, ವಾಪಸ್ ಬಿಡಿ. ಬೇರೆ ಹೊತ್ತಿನಲ್ಲಿ ಆ ಟವೆಲ್ ಅದರ ಕಣ್ಣಿಗೆ ಬೀಳಬಾರದು. ಪಂಜರದೊಳಗೆ ಯಾರೂ ತನ್ನನ್ನು ಹಿಡಿದು ನೋಯಿಸುವುದಿಲ್ಲ ಅಂತ ಅದಕ್ಕೆ ಖಾತ್ರಿಯಾಗಬೇಕು. ಪಂಜರದ ಅರ್ಧಕ್ಕೆ ಹಳೇ ಬೆಡ್‌ಶೀಟ್ ಹೊದಿಸಿ, ಬೇಕೆಂದಾಗ ಮರೆಗೆ ಸರಿಯಲಿ. ಒಳಗೆ ಹತ್ತಲು ಸಿಗುವಂಥದ್ದೇನೂ ಬೇಡ.

ಸ್ನೇಹಕ್ಕೆ ಒಳ್ಳೆಯ ಹೊತ್ತು ಅಂದರೆ ನೋವಿನ ಔಷಧಿ ಕೊಟ್ಟು ಸುಮಾರು ಒಂದು ಗಂಟೆಯಾದ ಮೇಲೆ, ಮರಿಗೆ ಹಸಿವೂ ಆಗಿರುವಾಗ. ಎದುರಾಗಿ ಕೂತು ದಿಟ್ಟಿಸಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಏನಾದರೂ ಮೆಲ್ಲಗೆ ಓದಿ. ನಾನು ‘ಕರ್ನಾಟಕ ಮಲ್ಲ’ ಪತ್ರಿಕೆಯನ್ನು ಮೊದಲ ಪುಟದಿಂದ ಮೆಲುದನಿಯಲ್ಲಿ ಓದುತ್ತಿದ್ದೆ, ಧ್ವನಿ ಕಿವಿಗೆ ಬೀಳುತ್ತಿದ್ದರೆ ಸಾಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ ಉದ್ದ ಹಿಡಿಯ ಚಮಚದಲ್ಲಿ ಮುಂದಿಡಿ. ನಮ್ಮದು ಮೊದಮೊದಲು ಎರಡೂ ಕಿವಿ ಹಿಂದಕ್ಕೆ ಮಡಚಿಕೊಂಡೇ, ತಿನ್ನುತ್ತಾ ಒಳಗೊಳಗೇ ಗುರ್ ಅನ್ನುತ್ತಿತ್ತು. ಒಂದು ದಿನ ತಿಂದು ಮುಗಿಸಿದ್ದೇ ಚಮಚದ ಹಿಡಿಗೆ ಕೆನ್ನೆ ಉಜ್ಜಿತು. ಅದು ಕಾಣುವವರೆಗೂ ಕೈ ಚಾಚಬೇಡಿ. ಕಂಡ ಮೇಲೆ ಚಮಚ ದಿನದಿನಕ್ಕೂ ಗಿಡ್ಡವಾಗಲಿ, ಕೊನೆಗೆ ಬೆರಳಿಗೇ ಬರಲಿ. ಬೆರಳು ಮೂಗಿನ ಮುಂದೆ ಕೆಳಗಿನಿಂದ ಬರಬೇಕು, ತಲೆಯ ಮೇಲಿಂದ ಬಂದರೆ ಹದ್ದು ಎರಗಿದ ಹಾಗೆ. ಮೂಸಿ ಕೆನ್ನೆ ಒತ್ತಿದರೆ ಕೆನ್ನೆ, ಗದ್ದ ಕೆರೆಯಿರಿ. ಬೆನ್ನಿನ ಹಿಂಭಾಗ, ಹೊಟ್ಟೆ, ನೊಂದ ಕಾಲಿನ ತಂಟೆ ಬೇಡ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಒಂದೇ ಸಲ ಅರ್ಧ ಗಂಟೆ ಕೂರುವ ಬದಲು ಐದೈದು ನಿಮಿಷ ಹಲವು ಸಲ ಕೂತರೆ ಹೆಚ್ಚು ಫಲ.

ಬುಸುಗುಟ್ಟಿದರೆ ಗದರಬೇಡಿ, ಗಾಬರಿಯಿಂದ ಕೈ ಎಳೆಯಲೂ ಬೇಡಿ. ಸುಮ್ಮನಿದ್ದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಆದರೆ ಕೈಗೆ ಬರುತ್ತಿದ್ದ ಮರಿ ಇದ್ದಕ್ಕಿದ್ದಂತೆ ಮತ್ತೆ ಬುಸುಗುಡಲು ಶುರು ಮಾಡಿದರೆ ಅದು ಸಿಟ್ಟಲ್ಲ, ನೋವು. ಬ್ಯಾಂಡೇಜ್‌ನಿಂದ ಹೊರಗೆ ಕಾಣುವ ನಡುವಿನ ಎರಡು ಬೆರಳು ನೋಡಿ. ಅವು ಒಂದಕ್ಕೊಂದು ತಾಗಿಕೊಂಡಿರಬೇಕು. ಉಗುರುಗಳ ನಡುವೆ ಅಂತರ ಹೆಚ್ಚಿದ್ದರೆ ಒಳಗೆ ಊದಿಕೊಂಡಿದೆ ಅಂತ ಅರ್ಥ. ಬೆರಳು ತಣ್ಣಗಾಗಿದ್ದರೂ, ಬ್ಯಾಂಡೇಜ್ ವಾಸನೆ ಬಂದರೂ, ಒದ್ದೆಯಾದರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಗುರ್‌ಗುರ್ ಅನ್ನುತ್ತಿದೆ, ಆರಾಮಾಗಿದೆ ಅಂದುಕೊಳ್ಳುವಂತಿಲ್ಲ, ನೋವಿನಲ್ಲೂ ಬೆಕ್ಕುಗಳು ಹಾಗೆ ಮಾಡುತ್ತವೆ. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ, ಪ್ಯಾರಾಸಿಟಮಾಲ್ ಅಂತೂ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ರಾತ್ರಿ ಹೊತ್ತು ತೊಂದರೆಯಾದರೆ ಡಾಕ್ಟರು ಯಾರನ್ನು ಕಾಣಲು ಹೇಳುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಮುಂಬಯಿಯಲ್ಲಿ ಪರೇಲ್‌ನ ಬಾಯಿ ಸಾಕರ್‌ಬಾಯಿ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಹಳೆಯದು. ಟ್ಯಾಕ್ಸಿಯವರಿಗೆ ‘ಬೈಲ್ ಘೋಡಾ ಹಾಸ್ಪಿಟಲ್’ ಅಂದರೆ ಗೊತ್ತಾಗುತ್ತದೆ.

ನಿಮ್ಮೊಬ್ಬರನ್ನೇ ಅಲ್ಲ, ಮನುಷ್ಯಜಾತಿಯನ್ನೇ ಅದು ನಂಬಬೇಕು. ಹಾಗಾಗಿ ದಪ್ಪ ದನಿಯವರು, ಮನೆಗೆಲಸಕ್ಕೆ ಬರುವ ಹೆಂಗಸು, ನಿಮ್ಮೆದುರು ಸುಮ್ಮನೆ ಕೂರಬಲ್ಲ ಪಕ್ಕದ ಮನೆಯ ಮಗು, ಎಲ್ಲರೂ ಒಂದೊಂದು ಚಮಚ ಕೊಡಲಿ. ಕುಕ್ಕರ್ ಸೀಟಿ, ಮಿಕ್ಸಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಗಣಪತಿ ಹಬ್ಬದ ಢೋಲ್-ತಾಶಾಕ್ಕೆ ಮಾತ್ರ ಈಗಿನಿಂದಲೇ ತಯಾರಿ ಮಾಡಿ: ಊಟದ ಹೊತ್ತಿಗೆ ಮೊಬೈಲಿನಲ್ಲಿ ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಹೆದರದಿದ್ದರೆ ದಿನಕ್ಕಿಷ್ಟು ಏರಿಸಿ.

ಆಟಕ್ಕೆ ಡಾಕ್ಟರ ಒಪ್ಪಿಗೆ ಕೇಳಿ. ಒಪ್ಪಿದರೆ ಮಲಗಿದಲ್ಲೇ ಮುಂಗಾಲಿಗೆ ಎಟಕುವ ಹಾಗೆ ದಾರವನ್ನು ಮೆಲ್ಲಗೆ ಎಳೆಯಿರಿ, ಆಟ ಮುಗಿದ ಮೇಲೆ ದಾರ ಎತ್ತಿಡಿ. ಬೆರಳು ಆಡಿಸಿ ಕಚ್ಚಿಸಿಕೊಳ್ಳುವ ಆಟ ಬೇಡವೇ ಬೇಡ. ಒಂಟಿ ಮರಿಗೆ ಎಷ್ಟು ಕಚ್ಚಬಹುದು ಅಂತ ಹೇಳಿಕೊಡುವ ಒಡಹುಟ್ಟಿದವರಿಲ್ಲ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಮರಿ ಚಿಕ್ಕದು ಅಂತ ಬಿಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ರಸ್ತೆಯಲ್ಲಿ ಸಿಕ್ಕ ಪ್ರಾಣಿ, ಅದಕ್ಕಿನ್ನೂ ಲಸಿಕೆಯಾಗಿಲ್ಲ.

ಕಾಲು ಸರಿಯಾದ ಮೇಲೆ ಕೆಳಗೆ ಕಾಂಪೌಂಡಿನಲ್ಲಿ ಬಿಟ್ಟುಬಿಡೋಣ ಅಂತ ನಿಮ್ಮ ಯಜಮಾನರು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಬೇಡ ಅಂತ ಅವರಿಗೆ ನನ್ನ ಹೆಸರಲ್ಲೇ ಹೇಳಿ. ಆಗ ಅದಕ್ಕೆ ಹನ್ನೊಂದು ವಾರ, ಬೇಟೆ ಗೊತ್ತಿಲ್ಲ, ಅಮ್ಮನಿಲ್ಲ, ಕಂಡಕಂಡವರ ಕಾಲಿಗೆ ಬಂದು ಉಜ್ಜುತ್ತದೆ. ಇಟ್ಟುಕೊಳ್ಳಲು ಆಗದಿದ್ದರೆ ಈಗಿನಿಂದಲೇ ಮನೆ ಹುಡುಕಿ. ಕೈಮೇಲೆ ಕೂರುವ ಮರಿಯನ್ನು ಒಪ್ಪುವವರು ಸಿಗುತ್ತಾರೆ. ಇಟ್ಟುಕೊಳ್ಳುವುದಾದರೆ ಪಂಜರ ತೆರೆಯುವ ಮೊದಲು ಕಿಟಕಿಗೆ ಬಲೆ ಹಾಕಿಸಿ, ಗ್ರಿಲ್ ಸಂದಿಯಲ್ಲಿ ಆ ವಯಸ್ಸಿನ ಮರಿ ಸಲೀಸಾಗಿ ನುಸುಳುತ್ತದೆ. ಮೊದಲು ಒಂದೇ ಕೋಣೆಯಲ್ಲಿ ಬಿಡಿ, ಕಪಾಟಿನ ಮೇಲೆ ಹತ್ತದ ಹಾಗೆ ನೋಡಿಕೊಳ್ಳಿ. ಲಸಿಕೆ ಯಾವಾಗ, ಸಂತಾನಹರಣ ಯಾವಾಗ ಅಂತ ಬ್ಯಾಂಡೇಜ್ ಬಿಚ್ಚಿಸಲು ಹೋದ ದಿನವೇ ಕೇಳಿ ಬರೆದುಕೊಳ್ಳಿ.