70 ಮಿ.ಮೀ. ಟೆಲಿಸ್ಕೋಪ್‌ಗೆ 3 ಪಟ್ಟಿನ ಬಾರ್ಲೋ ಲೆನ್ಸ್ ತಗೊಳ್ಳಬಹುದಾ? ಇನ್ನೇನು ಬೇಕು?

ಬಾರ್ಲೋ, ಅಂದರೆ ಚಿತ್ರವನ್ನು ಇನ್ನಷ್ಟು ದೊಡ್ಡದಾಗಿಸುವ ಹೆಚ್ಚುವರಿ ಲೆನ್ಸ್, ಈಗಲೇ ಬೇಡ. ನಿಮ್ಮದು 700 ಮಿ.ಮೀ. ಫೋಕಲ್ ಲೆಂತ್ (ಮುಂದಿನ ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ), ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಲೆನ್ಸ್) ಇದೆ ಅಂತ ಇಟ್ಟುಕೊಂಡು ಹೇಳುತ್ತೇನೆ. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ತಿಳಿಯಲು 700 ಅನ್ನು ಐಪೀಸ್ ಅಳತೆಯಿಂದ ಭಾಗಿಸಿ: 28 ಪಟ್ಟು, 70 ಪಟ್ಟು. 10ಕ್ಕೆ ಆ ಬಾರ್ಲೋ ಸೇರಿಸಿದರೆ 210. ಆದರೆ ಟೆಲಿಸ್ಕೋಪ್‌ನ ಮುಂದಿನ ಲೆನ್ಸಿನ ಅಗಲದ (70 ಮಿ.ಮೀ.) ದುಪ್ಪಟ್ಟು, ಅಂದರೆ 140 ಪಟ್ಟು ದಾಟಿದ ಮೇಲೆ ಚಿತ್ರ ಸುಮ್ನೆ ದೊಡ್ಡದಾಗಿ ಮಬ್ಬಾಗುತ್ತದೆ ಅಷ್ಟೇ. ಗುರುಗ್ರಹದ ನಾಲ್ಕು ದೊಡ್ಡ ಚಂದ್ರಗಳು 28 ಪಟ್ಟಿನಲ್ಲೇ ಚೆನ್ನಾಗಿ ಕಾಣುತ್ತವೆ!

ದುಡ್ಡು ಹಾಕಲೇಬೇಕಾದರೆ ಒಳ್ಳೆಯ 6 ಮಿ.ಮೀ. ಐಪೀಸ್ ತಗೊಳ್ಳಿ, ಸುಮಾರು 117 ಪಟ್ಟು ಸಿಗುತ್ತದೆ. ಕೊಳ್ಳುವ ಮೊದಲು ಈಗಿರುವ ಐಪೀಸ್‌ನ ಕೊಳವೆ ಅಳೆಯಿರಿ. ಸಾಮಾನ್ಯವಾಗಿ 1.25 ಇಂಚು ಇರುತ್ತದೆ, ಕೆಲವು ಅಗ್ಗದವು ಅದಕ್ಕಿಂತ ಸಣ್ಣ.

ಅದಕ್ಕೂ ಮೊದಲು ಫೈಂಡರ್ (ಟೆಲಿಸ್ಕೋಪ್ ಮೇಲಿರುವ, ಗುರಿ ಹಿಡಿಯುವ ಪುಟ್ಟ ದುರ್ಬೀನು) ಸರಿಯಾಗಿ ಹೊಂದಿಸಿ. ಜಾಸ್ತಿ ಜನ ಬೇಸತ್ತು ಟೆಲಿಸ್ಕೋಪ್ ಮೂಲೆಗಿಡೋದು ಇಲ್ಲೇ. ಹಗಲಲ್ಲಿ, ಸೂರ್ಯ ಬೆನ್ನ ಹಿಂದಿರುವಾಗ, ದೂರದ ಮೊಬೈಲ್ ಟವರ್‌ನ ತುದಿಯನ್ನು 25ರ ಐಪೀಸ್‌ನ ನಡುವೆ ತನ್ನಿ. ಟೆಲಿಸ್ಕೋಪ್ ಅಲುಗಿಸದೆ ಫೈಂಡರ್‌ನ ಸ್ಕ್ರೂ ತಿರುಗಿಸುತ್ತಾ ಅದೇ ತುದಿಯನ್ನು ಅಡ್ಡಗೆರೆಗಳ ಮಧ್ಯಕ್ಕೆ ತನ್ನಿ. ಒಂದು ಸ್ಕ್ರೂ ಬಿಗಿ ಮಾಡುವ ಮೊದಲು ಎದುರಿನದನ್ನು ಸಡಿಲಿಸಿ. ಟವರ್ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಅದು ಹಾಗೇ. ಆಮೇಲೆ 10ರ ಐಪೀಸ್ ಹಾಕಿ ಇನ್ನೊಮ್ಮೆ ನೋಡಿ.

ಐಪೀಸ್‌ಗೆ ತಿರುಗಿಸಿ ಹಾಕುವ ಸೋಲಾರ್ ಫಿಲ್ಟರ್ ಬಂದಿದ್ದರೆ ಬಿಸಾಕಿ. ಬಿಸಿಗೆ ಸೀಳಿದರೆ ಕಣ್ಣೇ ಹೋಗುತ್ತದೆ. ಸೂರ್ಯನನ್ನು ನೋಡಲು ಟೆಲಿಸ್ಕೋಪ್‌ನ ಮುಂದಿನ ಬಾಯಿಗೆ ಹಾಕುವ ಫಿಲ್ಟರೇ ಬೇಕು, ಫೈಂಡರನ್ನೂ ಮುಚ್ಚಿರಬೇಕು.